ಇರುಮುಡಿಯ ಹಿಂದಿನ ಗಂಟು

ಪರ್ವತವನ್ನು ಏರಹೊರಟವನು ತನ್ನ ರಕ್ಷಣೆಯ ವಿಷಯದಲ್ಲಿ ತಾನೇ ಎಷ್ಟು ಚಿಂತಿಸತಕ್ಕದ್ದು, ಎಷ್ಟನ್ನು ದೈವಕ್ಕೆ ಬಿಡತಕ್ಕದ್ದು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಹೊಸದೇನೂ ಅಲ್ಲ. ಕೇದಾರಕ್ಕೆ, ಶ್ರೀಶೈಲಕ್ಕೆ, ಕುಕ್ಕೆಯ ಮೇಲಣ ಕುಮಾರಪರ್ವತಕ್ಕೆ ಕಾಲ್ನಡೆಯಲ್ಲಿ ಹೋಗಿಬಂದ ತಲೆಮಾರುಗಳೆಲ್ಲವೂ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಕೇಳಿಕೊಂಡಿವೆ. ತಮ್ಮ ಶಕ್ತಿಗೆ ತಕ್ಕ ಉತ್ತರವನ್ನೂ ಕಂಡುಕೊಂಡಿವೆ. ಆದರೆ ಇಂದು ಆ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದಿರುವವರಲ್ಲಿ ಬಹುಮಂದಿ ಯಾತ್ರೆಯ ಪರಂಪರೆಯೊಳಗಿಂದ ಬಂದವರಲ್ಲ. ಬೆಂಗಳೂರಿನ ಹೊರವಲಯದ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ತರುಣ ತರುಣಿಯರು. ಮಲೆಯ ಚಳಿಯನ್ನೂ ಕಾಡಿನ ದಾರಿಯನ್ನೂ ಅವರು ಮೊದಲ ಅಕ್ಷರದಿಂದ ಕಲಿಯಬೇಕಾಗಿದೆ. ಆ ಕಲಿಕೆಯು ಬೂಟು, ಜಾಕೆಟ್ಟು, ನಕ್ಷೆಗಳ ವ್ಯವಹಾರವೆಂದು ಮೇಲುನೋಟಕ್ಕೆ ತೋರಿದರೂ ಅದರ ಒಡಲಲ್ಲಿ ಒಂದು ಧರ್ಮಜಿಜ್ಞಾಸೆ ಅಡಗಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕಾರ್ತಿಕ ಮುಗಿಯುವ ಹೊತ್ತಿಗೆ ಈ ನಗರದ ಎರಡು ಅಂಚುಗಳಲ್ಲಿ ಎರಡು ಬಗೆಯ ಪಯಣಿಗರು ಕಣ್ಣಿಗೆ ಬೀಳುತ್ತಾರೆ. ಪೂರ್ವದ ವೈಟ್‌ಫೀಲ್ಡ್‌ನಲ್ಲಿಯೂ, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರದ ಹೊಲಗಳ ನಡುವೆ ಅಡಿಪಾಯ ಹಾಕಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ, ಶುಕ್ರವಾರದ ಸಂಜೆ ಕೆಲಸ ಮುಗಿಯುತ್ತಲೇ ಬೆನ್ನುಚೀಲ ಹೊತ್ತ ಯುವಕರು ರಸ್ತೆಯ ಬದಿಯಲ್ಲಿ ಟೆಂಪೊ ಟ್ರಾವೆಲರಿಗಾಗಿ ಕಾದು ನಿಂತಿರುತ್ತಾರೆ. ರಾತ್ರಿಯೆಲ್ಲ ಪ್ರಯಾಣ, ಬೆಳಗಿನ ಜಾವ ಕುಕ್ಕೆಯಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ಒಂದು ಲೋಟ ಕಾಫಿ, ಒಡನೆಯೇ ಆರೋಹಣ, ಭಾನುವಾರ ರಾತ್ರಿ ಮರುಪಯಣ, ಸೋಮವಾರ ಬೆಳಗ್ಗೆ ಮತ್ತೆ ಕಚೇರಿ. ವರ್ಷಾಂತ್ಯದ ರಜೆ ದೊರೆತವರು ಇನ್ನೂ ದೂರ ಹೋಗುತ್ತಾರೆ: ಉತ್ತರಕಾಶಿ ಜಿಲ್ಲೆಯ ಸಾಂಕ್ರಿಯಿಂದ ಮೇಲೆ, ಸುಮಾರು 3,800 ಮೀಟರು ಎತ್ತರದ ಕೇದಾರಕಂಠದ ಹಿಮದವರೆಗೆ. ಇತ್ತ ವಾಯವ್ಯದ ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿಗಳಲ್ಲಿ, ಅದೇ ತಿಂಗಳುಗಳಲ್ಲಿ, ಲೇತ್ ಯಂತ್ರದ ಮುಂದೆಯೂ ಪವರ್ ಪ್ರೆಸ್ಸಿನ ಮುಂದೆಯೂ ದುಡಿಯುವ ಕಾರ್ಮಿಕರು ಕಪ್ಪು ವಸ್ತ್ರವನ್ನುಟ್ಟು, ಕೊರಳಿಗೆ ಮಾಲೆ ಹಾಕಿಕೊಂಡು, ಬರಿಗಾಲಿನಲ್ಲಿ ಓಡಾಡುತ್ತಿರುತ್ತಾರೆ; ಮಂಡಲವ್ರತವನ್ನು ಮುಗಿಸಿ ಶಬರಿಮಲೆಯ ಕಾಡುದಾರಿಯನ್ನು ಹಿಡಿಯತಕ್ಕವರು ಅವರು. ಒಬ್ಬರದು ಚಾರಣ, ಇನ್ನೊಬ್ಬರದು ಯಾತ್ರೆ. ಇಬ್ಬರಿಗೂ ಇದು ಚಳಿಗಾಲದ ಮಲೆ. ಇಬ್ಬರಲ್ಲಿಯೂ ಮೊದಲ ಸಲ ಹೊರಟವರು ಬಹಳ.

ರಕ್ಷಣೆಯನ್ನು ಎಷ್ಟು ದೈವಕ್ಕೆ ಬಿಡಬೇಕೆಂಬ ಆ ಪ್ರಶ್ನೆಯನ್ನು ಕನ್ನಡಿಗರ ಮನೆಬಾಗಿಲಿಗೆ ತಂದು ನಿಲ್ಲಿಸಿದ ದುರಂತವು 2024ರ ಜೂನ್ ತಿಂಗಳ ಮೊದಲ ವಾರದಲ್ಲಿ ನಡೆಯಿತು. ಉತ್ತರಾಖಂಡದ ಸಹಸ್ರತಾಲಕ್ಕೆ ಹೊರಟಿದ್ದ 22 ಜನರ ತಂಡವೊಂದು, ಅವರಲ್ಲಿ ಬಹುಪಾಲು ಕರ್ನಾಟಕದವರು, 4,000 ಮೀಟರುಗಳಿಗೂ ಮೇಲಿನ ಎತ್ತರದಲ್ಲಿ ಹಠಾತ್ತಾಗಿ ಎದ್ದ ಹಿಮಗಾಳಿಗೆ ಸಿಕ್ಕಿಬಿದ್ದಿತು. ಒಂಬತ್ತು ಮಂದಿ ಮರಳಲಿಲ್ಲ. ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯ ವಿಪತ್ತು ಪಡೆಯವರೂ ಉಳಿದ ಹದಿಮೂವರನ್ನು ಕೆಳಗಿಳಿಸಿದರು. ಆಗ ನಮ್ಮ ಕಂದಾಯ ಸಚಿವರಾಗಿದ್ದ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತು ಪಾರ್ಥಿವ ಶರೀರಗಳನ್ನು ಬೆಂಗಳೂರಿಗೆ ತರುವ ವ್ಯವಸ್ಥೆ ಮಾಡಿದರು. ಹೋದವರು ಅಜಾಗರೂಕರೆಂದು ತೀರ್ಪು ಹೇಳುವ ಅಧಿಕಾರ ನನಗಿಲ್ಲ, ಆ ಇಚ್ಛೆಯೂ ಇಲ್ಲ; ಬೆಟ್ಟವನ್ನು ಬಹುಕಾಲ ಪ್ರೀತಿಸಿದವರು, ಹಿಂದೆ ಅನೇಕ ಸಲ ಏರಿಳಿದವರು ಅವರಲ್ಲಿದ್ದರು. ನಮ್ಮ ಬಯಲಿನಲ್ಲಿ ಮುಂಗಾರು ಕಾಲಿಡುವ ಜೂನಿನಲ್ಲಿ ಅಲ್ಲಿ ಹಿಮಪಾತವಾಯಿತೆಂಬುದೊಂದೇ, ಆ ಎತ್ತರದಲ್ಲಿ ಚಳಿಗಾಲಕ್ಕೆ ಪಂಚಾಂಗದ ಹಂಗಿಲ್ಲವೆಂಬುದನ್ನು ತಿಳಿಸಲು ಸಾಕು. ಆ ದಿನಗಳಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದ ಮಾತುಗಳು ಎರಡು. ಒಂದು, 'ಹಣೆಬರಹ, ಯಾರೇನು ಮಾಡೋದಕ್ಕಾಗತ್ತೆ?' ಎಂಬುದು; ಇನ್ನೊಂದು, 'ಅಷ್ಟು ದೂರ ಯಾಕೆ ಹೋಗಬೇಕಿತ್ತು?' ಎಂಬುದು. ಮೊದಲನೆಯ ಮಾತು ಕಲಿಕೆಯನ್ನು ನಿರರ್ಥಕವೆನ್ನುತ್ತದೆ. ಎರಡನೆಯದು ಆರೋಹಣವನ್ನೇ ನಿರರ್ಥಕವೆನ್ನುತ್ತದೆ. ಎರಡನ್ನೂ ಒಪ್ಪದೆ ಇವುಗಳ ನಡುವೆ ಸಾಗುವ ಹಾದಿಯೊಂದು ಉಂಟೆಂದು ನನ್ನ ನಂಬಿಕೆ.

ಮೊದಲ ಮಾತಿನ ಹಿಂದೆ ಇರುವ ಆಕ್ಷೇಪವನ್ನು ಗೌರವದಿಂದಲೇ ಎತ್ತಿಕೊಳ್ಳೋಣ. ಭಗವಂತನಲ್ಲಿ ಶರಣಾದವನಿಗೆ ಸಿದ್ಧತೆಯೇಕೆ, ಔಷಧದ ಪೆಟ್ಟಿಗೆಯೇಕೆ, ಹೆಚ್ಚುವರಿ ಕಂಬಳಿಯೇಕೆ? ಇವೆಲ್ಲವೂ ನಂಬಿಕೆಯ ಕೊರತೆಯನ್ನು ತೋರಿಸುವುದಿಲ್ಲವೆ ಎಂಬುದು ಆ ಆಕ್ಷೇಪದ ತಿರುಳು. ಇದಕ್ಕೆ ಉತ್ತರವು ಗ್ರಂಥಗಳಲ್ಲಿ ದೊರೆಯುವುದಕ್ಕೆ ಮುಂಚೆ ಪೀಣ್ಯದ ಕಾರ್ಮಿಕನ ತಲೆಯ ಮೇಲೆಯೇ ದೊರೆಯುತ್ತದೆ. ಅವನು ಹೊತ್ತ ಇರುಮುಡಿಗೆ ಎರಡು ಭಾಗಗಳು. ಮುಂದಿನ ಗಂಟಿನಲ್ಲಿ ತುಪ್ಪ ತುಂಬಿದ ತೆಂಗಿನಕಾಯಿಯೇ ಮೊದಲಾದ ದೇವರ ಸಾಮಗ್ರಿ. ಹಿಂದಿನ ಗಂಟಿನಲ್ಲಿ ದಾರಿಯಲ್ಲಿ ಅವನ ಹೊಟ್ಟೆಗೆ ಬೇಕಾದ ಅವನದೇ ಬುತ್ತಿ. ಎರಡೂ ಸೇರಿ ಒಂದೇ ಮುಡಿ. ಎರಡನ್ನೂ ತಂಡದ ಹಿರಿಯನಾದ ಗುರುಸ್ವಾಮಿಯು ಶರಣುಘೋಷದ ನಡುವೆಯೇ ಕಟ್ಟುತ್ತಾನೆ. ಎರಡಕ್ಕೂ ಅದೇ ತಲೆಯೇ ಪೀಠ. ಯಾತ್ರಿಕನ ಅಕ್ಕಿ ಬೇಳೆಗಳು ದೇವರ ತುಪ್ಪದ ಬೆನ್ನಿಗೆ ಕುಳಿತಿರುವುದರಿಂದ ತುಪ್ಪಕ್ಕೆ ಮೈಲಿಗೆಯಾಯಿತೆಂದು ಯಾವ ಗುರುಸ್ವಾಮಿಯೂ ಹೇಳಿದ್ದಿಲ್ಲ. ಈ ಕಟ್ಟನ್ನು ಕಲ್ಪಿಸಿದ ಪರಂಪರೆಗೆ ಒಂದು ಸತ್ಯವು ಸ್ಪಷ್ಟವಾಗಿ ಗೋಚರಿಸಿರಬೇಕು: ಕಾಡನ್ನು ದಾಟಲಾರದವನು ಸನ್ನಿಧಾನವನ್ನು ಸೇರಲಾರ; ಆದಕಾರಣ ಸನ್ನಿಧಾನಕ್ಕೆ ಸಲ್ಲುವುದೆಷ್ಟು ಪವಿತ್ರವೋ ಕಾಡನ್ನು ದಾಟಿಸುವುದೂ ಅಷ್ಟೇ ಪವಿತ್ರ.

ವ್ರತದ ವಿಷಯವೂ ಹಾಗೆಯೇ. 41 ದಿನಗಳ ಕಾಲ ನಸುಕಿನಲ್ಲೆದ್ದು ತಣ್ಣೀರಿನ ಸ್ನಾನ, ಬರಿಗಾಲಿನ ನಡಿಗೆ, ಮಿತವಾದ ಸಾತ್ತ್ವಿಕಾಹಾರ, ಮದ್ಯವರ್ಜನ, ನೆಲದ ಮೇಲೆ ನಿದ್ರೆ: ಇವು ಚಿತ್ತಶುದ್ಧಿಯ ಸಾಧನಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಳುದೆಯ ಹೊಳೆಯನ್ನು ದಾಟಿ ಕರಿಮಲೆಯನ್ನೇರುವ ದಿನ ಆ ದೇಹವು ಚಳಿಗೂ ಕಲ್ಲುಮುಳ್ಳಿಗೂ ಹಸಿವಿಗೂ ಪಳಗಿರುತ್ತದೆಯೆಂಬುದು ಅಷ್ಟೇ ನಿಜ. ಮೊದಲ ಸಲ ಹೊರಟ ಕನ್ನಿಸ್ವಾಮಿಯನ್ನು ಒಂಟಿಯಾಗಿ ಕಳುಹಿಸದೆ ಅನುಭವಿಯ ಕೈಗೊಪ್ಪಿಸುವ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ. ಕೇದಾರಕಂಠಕ್ಕೆ ಹೊರಟ ವೈಟ್‌ಫೀಲ್ಡಿನ ತರುಣನು ಈ ಪದ್ಧತಿಯನ್ನು ನಂಬಿಕೆಯಿಂದಲ್ಲದಿದ್ದರೂ ಬುದ್ಧಿಯಿಂದ ಸ್ವೀಕರಿಸಬಹುದು. ಆರು ವಾರಗಳ ಕಾಲ ದಿನವೂ ನಡೆದು, ಲಿಫ್ಟನ್ನು ಬಿಟ್ಟು ಮೆಟ್ಟಿಲುಗಳನ್ನು ತುಂಬಿದ ಚೀಲದೊಡನೆ ಏರಿಳಿದು, ನಿದ್ರಾಹಾರಗಳನ್ನು ಕ್ರಮಕ್ಕೆ ತಂದು, ಹಿಮವನ್ನು ಬಲ್ಲ ಒಬ್ಬ ಹಿರಿಯನ ಮಾತಿಗೆ ತಲೆಬಾಗಿ ಹೊರಟರೆ ಅವನೂ ಒಂದು ವ್ರತವನ್ನು ನಡೆಸಿದಂತೆಯೇ ಸರಿ.

ಸಿದ್ಧತೆಗೆ ಇನ್ನೊಂದು ಆಕ್ಷೇಪವೂ ಉಂಟು: ಅದು ಮೇಲಿನ ಎರಡು ಮಾತುಗಳಲ್ಲಿ ಬಾರದ್ದು, ಧೀರರ ಬಾಯಿಂದ ಬರುವಂಥದು. ಭಗವದ್ಗೀತೆಯು ದೈವೀಸಂಪತ್ತನ್ನು ಎಣಿಸುವಾಗ ಎಲ್ಲಕ್ಕೂ ಮೊದಲು ಅಭಯವನ್ನಿಟ್ಟಿದೆ. ಅಪಾಯವನ್ನು ಲೆಕ್ಕಹಾಕುತ್ತ ಹೊರಡುವವನಲ್ಲಿ ಅಭಯವೆಲ್ಲಿ ಉಳಿಯಿತು ಎಂದು ಅವರು ಕೇಳುತ್ತಾರೆ. ಆದರೆ ಅದೇ ಗೀತೆಯ ಕೊನೆಯ ಅಧ್ಯಾಯವು ಸಾತ್ತ್ವಿಕಬುದ್ಧಿಯ ಲಕ್ಷಣವನ್ನು ಹೇಳುವಾಗ, ಯಾವುದರಲ್ಲಿ ತೊಡಗಬೇಕು ಯಾವುದರಿಂದ ಹಿಂದೆ ಸರಿಯಬೇಕು, ಯಾವುದಕ್ಕೆ ಅಂಜಬೇಕು ಯಾವುದಕ್ಕೆ ಅಂಜಬಾರದು ಎಂಬುದನ್ನು ಬಲ್ಲದ್ದೇ ಸಾತ್ತ್ವಿಕಬುದ್ಧಿಯೆಂದು ನಿರೂಪಿಸುತ್ತದೆ. ಅಂಜತಕ್ಕದ್ದು ಕೆಲವುಂಟೆಂದು ಗೀತೆಯೇ ಒಪ್ಪಿದ ಮೇಲೆ ಅಭಯವನ್ನು ಅಪಾಯದ ಅಜ್ಞಾನವೆಂದು ವ್ಯಾಖ್ಯಾನಿಸಲು ಅವಕಾಶವಿಲ್ಲ. ಅಲ್ಲಿಯೇ ತುಸು ಹಿಂದೆ ತಾಮಸಕರ್ಮದ ಲಕ್ಷಣವೂ ಇದೆ: ಮುಂದೊದಗುವ ಪರಿಣಾಮವನ್ನು, ಆಗಬಹುದಾದ ಹಾನಿಯನ್ನು, ಪರರಿಗೊದಗುವ ಹಿಂಸೆಯನ್ನು, ತನ್ನ ಸ್ವಂತ ಸಾಮರ್ಥ್ಯವನ್ನು, ಈ ನಾಲ್ಕನ್ನೂ ನೋಡದೆ ಮೋಹದಿಂದ ಕೈಹಾಕಿದ ಕೆಲಸವೇ ತಾಮಸ. ಚಳಿಗಾಲದ ಆರೋಹಣಕ್ಕೆ ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಇದಕ್ಕಿಂತ ಪೂರ್ಣವಾಗಿ ಯಾವ ಪರ್ವತಾರೋಹಣ ಶಾಲೆಯೂ ಪಟ್ಟಿಮಾಡಲಾರದು. ಸಂಜೆಯೊಳಗೆ ಇಳಿಯಲಾಗದಿದ್ದರೆ ಏನಾಗುವುದು? ಕೈಬೆರಳುಗಳು ಹಿಮಕ್ಕೆ ಸೋತರೆ ಅದರ ಬೆಲೆಯೇನು? ನನ್ನನ್ನು ಹೊತ್ತಿಳಿಸಲು ಬರುವವರು ಯಾರು, ಅವರ ಪ್ರಾಣಕ್ಕೆ ಹೊಣೆ ಯಾರು? ನನ್ನ ಎದೆಯ ಕಸುವೆಷ್ಟು? ಈ ನಾಲ್ಕಕ್ಕೂ ಉತ್ತರ ಕಂಡುಕೊಂಡು, ಆಮೇಲೆ ಅಳುಕದೆ ಹೆಜ್ಜೆಯಿಡುವವನದೇ ಅಭಯ.

ಮಹಾಭಾರತದ ಉದ್ಯೋಗಪರ್ವದಲ್ಲಿ, ಯುದ್ಧದ ಭೀತಿಯಿಂದ ನಿದ್ರೆಗೆಟ್ಟ ಧೃತರಾಷ್ಟ್ರನಿಗೆ ಸನತ್ಸುಜಾತನು ಉಪದೇಶಿಸುವ ಪ್ರಕರಣವೊಂದಿದೆ. ಮೃತ್ಯುವು ಇದೆಯೋ ಇಲ್ಲವೋ ಎಂದು ಅರಸನು ಕೇಳಿದಾಗ, ಮೈಮರೆವೇ ಮೃತ್ಯು, ಸದಾ ಎಚ್ಚರವಾಗಿರುವುದೇ ಅಮೃತತ್ವ ಎಂಬುದು ಆ ಋಷಿಯ ಉತ್ತರದ ಸಾರ. ಶಂಕರರ ಹೆಸರಿನಲ್ಲಿ ಭಾಷ್ಯವೂ ಇರುವ ಈ ಪ್ರಕರಣವು ಆತ್ಮವಿಚಾರವನ್ನು ಕುರಿತದ್ದು, ಬೆಟ್ಟದ ನಡಿಗೆಯನ್ನು ಕುರಿತದ್ದಲ್ಲ. ಹಾಗಿದ್ದರೂ ದೊಡ್ಡ ತತ್ತ್ವವು ಸಣ್ಣ ಕೆಲಸಗಳಲ್ಲಿ ರೂಢಿಯಾಗದೆ ದೊಡ್ಡ ಗಳಿಗೆಯಲ್ಲಿ ಕೈಹಿಡಿಯದು. ಪೀಣ್ಯದ ಕಾರ್ಮಿಕನು ಇದನ್ನು ದಿನನಿತ್ಯ ಬಲ್ಲ. ಅಲ್ಲಿಯ ಒಳ್ಳೆಯ ಪವರ್ ಪ್ರೆಸ್ಸುಗಳಲ್ಲಿ ಒಂದೇ ಗುಂಡಿಗೆ ಬದಲಾಗಿ ಎರಡು ಗುಂಡಿಗಳಿರುತ್ತವೆ, ಒಂದಕ್ಕೊಂದು ದೂರವಾಗಿ. ಎರಡು ಕೈಗಳೂ ಏಕಕಾಲದಲ್ಲಿ ಎರಡನ್ನೂ ಅದುಮಿದ ಹೊರತು ಮೇಲಿನ ಭಾರವು ಕೆಳಗಿಳಿಯುವುದಿಲ್ಲ. ತಗಡನ್ನು ಸರಿಪಡಿಸಲು ಒಂದು ಕೈ ಡೈಯೊಳಗೆ ಉಳಿದಿದ್ದರೆ ಯಂತ್ರವು ಸುಮ್ಮನಿರುತ್ತದೆ. ದಿನಕ್ಕೆ ಸಾವಿರ ಸಲ ಅದೇ ಕೆಲಸವನ್ನು ಮಾಡುವ ಮನುಷ್ಯನ ಮನಸ್ಸು ಸಾವಿರದೊಂದನೆಯ ಸಲ ಎತ್ತಲೋ ಹರಿಯುವುದು ಸಹಜವೆಂದು ತಿಳಿದವನೊಬ್ಬನು, ಆ ಒಂದು ಕ್ಷಣದ ಮೈಮರೆವಿಗೆ ಬೆರಳುಗಳನ್ನು ಬಲಿಗೊಡಬಾರದೆಂದು ಮಾಡಿದ ಏರ್ಪಾಡು ಅದು. ಕರುಣೆಯಿಂದ ಹುಟ್ಟಿದ ಇಂಥ ಏರ್ಪಾಡನ್ನು ಹೇಡಿತನವೆಂದು ಕರೆಯುವವರಾರು? ಗಣಕದ ಮುಂದೆ ಕುಳಿತವನ ಲೋಕವಾದರೋ ಬೇರೆ. ಅಲ್ಲಿ ತಪ್ಪಿದ್ದನ್ನು ಅಳಿಸಬಹುದು, ನಿನ್ನೆಯ ಸ್ಥಿತಿಗೆ ಮರಳಬಹುದು, ಕೋಣೆಯ ಉಷ್ಣತೆಯು ವರ್ಷವಿಡೀ ಒಂದೇ ಅಂಕಿಯಲ್ಲಿ ನಿಂತಿರುತ್ತದೆ. ಅಂಥ ಲೋಕದಿಂದ ಬಂದವನು ಬೆಟ್ಟದಲ್ಲಿ ಮೊದಲು ಕಲಿಯತಕ್ಕ ಪಾಠವೆಂದರೆ, ಅಲ್ಲಿ ಅಳಿಸಲಾಗದ ಹೆಜ್ಜೆಗಳುಂಟು ಎಂಬುದು.

ಚಳಿಯು ಕಲಿಸುವ ಪಾಠವು ಇನ್ನೂ ಆಳವಾದದ್ದು. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಇಲ್ಲಿ ಬೆಳೆದ ದೇಹಕ್ಕೆ ಶೀತವೆಂದರೆ ಒಂದು ಸುಖ, ಒಂದು ಶಾಲು, ಒಂದು ಬಿಸಿ ಬಜ್ಜಿ. ಆದರೆ ಸಾವಿರ ಮೀಟರು ಏರಿದಂತೆಲ್ಲ ಗಾಳಿಯು ಸ್ಥೂಲವಾಗಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಒದ್ದೆಯಾದ ಬಟ್ಟೆಯೂ ಬೀಸುಗಾಳಿಯೂ ಸೇರಿದರೆ, ನೀರು ಹೆಪ್ಪುಗಟ್ಟದ ಹವೆಯಲ್ಲಿಯೂ, ನಮ್ಮ 1,712 ಮೀಟರಿನ ಕುಮಾರಪರ್ವತದ ಮೇಲೆಯೇ, ಮನುಷ್ಯನ ಒಡಲಿನ ಶಾಖವು ಸೋರಿಹೋಗಬಲ್ಲುದು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ಬೆವರಿನಿಂದ ನೆನೆದ ಹತ್ತಿಯ ಅಂಗಿಯು ಆ ನೀರನ್ನು ಮೈಗಂಟಿಸಿ ಹಿಡಿದಿಡುತ್ತದೆ. ಆದಕಾರಣ ಬಲ್ಲವರು ಮೈಗೆ ತಾಗುವಂತೆ ಬೆವರನ್ನು ಹೊರಗೆಳೆಯುವ ತೆಳುವಾದ ಬಟ್ಟೆ, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಮೇಲೆ ಗಾಳಿಮಳೆಗಳನ್ನು ತಡೆಯುವ ಹೊದಿಕೆ, ಹೀಗೆ ಪದರಪದರವಾಗಿ ಉಡುತ್ತಾರೆ. ಬೆವರುವುದಕ್ಕೆ ಮುಂಚೆಯೇ ಒಂದು ಪದರವನ್ನು ಕಳಚಿ, ನಡುಗುವುದಕ್ಕೆ ಮುಂಚೆಯೇ ಮತ್ತೆ ತೊಡುತ್ತಾರೆ.

ದೇಹದ ಒಳಶಾಖವು 35 ಡಿಗ್ರಿಗಿಂತ ಕೆಳಗಿಳಿದಾಗ ಏನಾಗುತ್ತದೆಯೆಂಬುದನ್ನು ತತ್ತ್ವಜಿಜ್ಞಾಸುಗಳು ಅವಶ್ಯವಾಗಿ ಗಮನಿಸಬೇಕು. ಮೊದಲು ನಡುಕ, ಆಮೇಲೆ ಬೆರಳುಗಳು ಮಾತು ಕೇಳುವುದಿಲ್ಲ, ನಾಲಗೆ ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಸೌಮ್ಯನಾಗಿದ್ದವನು ಸಿಡುಕುತ್ತಾನೆ. ಇನ್ನೂ ಇಳಿದರೆ ನಡುಕವೇ ನಿಂತುಹೋಗುತ್ತದೆ; ಸಾಯುವ ಚಳಿಯಲ್ಲಿ ಸೆಕೆಯೆಂದು ಬಟ್ಟೆ ಕಳಚಿದವರೂ ಉಂಟು. ಇಷ್ಟಾದರೂ ಆ ಮನುಷ್ಯನನ್ನು ಕೇಳಿದರೆ, 'ನನಗೇನೂ ಆಗಿಲ್ಲ, ನೀವು ನಡೀರಿ' ಎನ್ನುತ್ತಾನೆ. ಚಳಿಯು ಕೈಕಾಲುಗಳನ್ನು ಕೆಡಿಸುವಷ್ಟರಲ್ಲಿಯೇ ಕೈಕಾಲು ಕೆಟ್ಟಿವೆಯೆಂದು ತಿಳಿಯುವ ಬುದ್ಧಿಯನ್ನೂ ಕೆಡಿಸಿರುತ್ತದೆ. ನಾನು, ನನ್ನ ನಿರ್ಧಾರ, ನನ್ನ ಸಂಕಲ್ಪಬಲ ಎಂದು ನಾವು ಯಾವುದನ್ನು ದೇಹಕ್ಕಿಂತ ಮೇಲೆ ಕೂರಿಸಿರುತ್ತೇವೆಯೋ ಅದು ಎರಡು ಮೂರು ಡಿಗ್ರಿ ಶಾಖದ ಮೇಲೆ ನಿಂತದ್ದೆಂದು ಅಲ್ಲಿ ಬಯಲಾಗುತ್ತದೆ. ಕಾಳಿದಾಸನ ಕುಮಾರಸಂಭವದಲ್ಲಿ, ಹಿಮಾಲಯದ ಶಿಖರವೊಂದರಲ್ಲಿ ಮಾಗಿಯ ರಾತ್ರಿಗಳನ್ನು ನೀರಿನಲ್ಲಿ ನಿಂತು ಕಳೆದ ಪಾರ್ವತಿಯ ಬಳಿಗೆ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಮೊದಲ ಮಾತುಗಳಲ್ಲಿಯೇ ವಿಚಾರಿಸುವುದು, ನಿನ್ನ ಶಕ್ತಿಗೆ ತಕ್ಕಷ್ಟು ಮಾತ್ರ ತಪಸ್ಸು ಮಾಡುತ್ತಿದ್ದೀಯಷ್ಟೆ ಎಂದು. ಧರ್ಮವನ್ನು ಸಾಧಿಸಲು ಶರೀರವೇ ಮೊದಲ ಸಾಧನವೆಂಬ ಪ್ರಸಿದ್ಧವಾದ ಮಾತು ಅಲ್ಲಿಯೇ ಬರುತ್ತದೆ. ತಪಸ್ವಿಗಳ ಒಡೆಯನ ಬಾಯಲ್ಲಿ ಆ ಮಾತನ್ನು ಇರಿಸಿದ ಕವಿಯ ಔಚಿತ್ಯಪ್ರಜ್ಞೆ ದೊಡ್ಡದು.

ತನ್ನ ಸ್ಥಿತಿಗೆ ತಾನೇ ಸಾಕ್ಷಿಯಾಗಲಾರದವನಿಗೆ ಸಾಕ್ಷಿಯಾಗುವವನು ಜೊತೆಗಾರ. ಚಳಿಯಲ್ಲಿ ನಡೆಯುವಾಗ ಒಬ್ಬರನ್ನೊಬ್ಬರು ಮಾತನಾಡಿಸುತ್ತಿರಬೇಕೆಂಬ ನಿಯಮಕ್ಕೆ ಇದೇ ಕಾರಣ. ಸಂದೇಹ ಬಂದಾಗ, ಹೆಬ್ಬೆರಳಿನಿಂದ ಕಿರುಬೆರಳನ್ನು ಮುಟ್ಟೆಂದು ಹೇಳಬೇಕು, ಜಾಕೆಟ್ಟಿನ ಜಿಪ್ಪನ್ನು ತಾನೇ ಎಳೆದುಕೊಳ್ಳಬಲ್ಲನೇ ಎಂದು ಕಾದು ನೋಡಬೇಕು. ಆಗಲಿಲ್ಲವೆಂದರೆ ಅವನ ಮಾತನ್ನು ನಂಬದೆ ನಡಿಗೆಯನ್ನು ನಿಲ್ಲಿಸತಕ್ಕದ್ದು. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆಯನ್ನು ತೆಗೆದು ಒಣಬಟ್ಟೆಯನ್ನು ಹೊದಿಸಿ, ನೆಲದ ಚಳಿ ತಾಗದಂತೆ ಅಡಿಗೆ ಹಾಸನ್ನು ಹಾಕಿ, ನುಂಗಬಲ್ಲವನಾದರೆ ಸಿಹಿಯಾದ ಬಿಸಿ ಪಾನೀಯವನ್ನು ಕೊಡತಕ್ಕದ್ದು. ಕೈಕಾಲುಗಳನ್ನು ಉಜ್ಜಬಾರದು, ಮದ್ಯವನ್ನು ಸರ್ವಥಾ ಕೊಡಬಾರದು. ಎತ್ತರದ ಕಾಯಿಲೆಯಲ್ಲಿಯೂ ಧರ್ಮ ಇದೇ: 2,500 ಮೀಟರುಗಳ ಮೇಲೆ ತಲೆನೋವು, ವಾಕರಿಕೆಗಳು ಕಂಡರೆ ಮುಂದೆ ಏರದೆ ತಂಗುವುದು, ಹೆಚ್ಚಿದರೆ ರಾತ್ರಿಯೆನ್ನದೆ ಕೆಳಗಿಳಿಸುವುದು, 3,000 ಮೀಟರು ದಾಟಿದ ಮೇಲೆ ಮಲಗುವ ಎಡೆಯನ್ನು ದಿನವೊಂದಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸದಿರುವುದು. ಅಯ್ಯಪ್ಪನ ಯಾತ್ರೆಯಲ್ಲಿ ಮಾಲೆ ಹಾಕಿದವರೆಲ್ಲರೂ ಒಬ್ಬರನ್ನೊಬ್ಬರು 'ಸ್ವಾಮಿ' ಎಂದೇ ಕರೆಯುತ್ತಾರೆ. ಜೊತೆಗಾರನಲ್ಲಿ ದೇವರನ್ನು ಕಾಣುವ ಆ ಭಾವಕ್ಕೆ ಬೆಟ್ಟದ ಮೇಲೆ ದೊರೆಯುವ ಪ್ರತ್ಯಕ್ಷವಾದ ಅರ್ಥವೆಂದರೆ, ಅವನ ತುಟಿಯ ಬಣ್ಣವನ್ನೂ ಅವನ ಹೆಜ್ಜೆಯ ಲಯವನ್ನೂ ನನ್ನದಕ್ಕಿಂತ ಹೆಚ್ಚು ಶ್ರದ್ಧೆಯಿಂದ ನೋಡಿಕೊಳ್ಳುವುದು.

ಎಚ್ಚರದ ಈ ಧರ್ಮವು ಮನುಷ್ಯರಲ್ಲಿಗೇ ಮುಗಿಯುವುದಿಲ್ಲ. ಶ್ರವಣಬೆಳಗೊಳದ ನಾಡಿನವರಾದ ನಮಗೆ ಜೈನಧರ್ಮವು ನಡಿಗೆಯನ್ನೇ ಒಂದು ಸಾಧನೆಯಾಗಿ ಬೋಧಿಸಿರುವುದು ತಿಳಿದ ಸಂಗತಿ. ಮುನಿಯು ಒಂದು ನೊಗದಳತೆಯ ನೆಲವನ್ನು ಮುಂದೆ ನೋಡುತ್ತ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿ. ಮಳೆಗಾಲದ ನಾಲ್ಕು ತಿಂಗಳು ಜೀವಜಂತುಗಳು ನೆಲದ ತುಂಬ ಹರಿದಾಡುವಾಗ ಸಂಚಾರವನ್ನೇ ನಿಲ್ಲಿಸಬೇಕೆಂಬುದು ಚಾತುರ್ಮಾಸ್ಯ. ತತ್ತ್ವಾರ್ಥಸೂತ್ರವು ಹಿಂಸೆಗೆ ಲಕ್ಷಣವನ್ನು ಹೇಳುವಾಗ, ಪ್ರಾಣಹರಣದೊಡನೆ ಅದಕ್ಕೆ ಕಾರಣವಾದ ಮೈಮರೆವನ್ನೂ ಸೇರಿಸಿ ಹೇಳಿದೆ. ಈ ಬೆಳಕಿನಲ್ಲಿ ನೋಡಿದರೆ ಅರಣ್ಯ ಇಲಾಖೆಯು ಬೇಸಗೆಯ ಕಾಳ್ಗಿಚ್ಚಿನ ದಿನಗಳಲ್ಲಿಯೂ ಮುಂಗಾರಿನಲ್ಲಿಯೂ ದಾರಿಗಳನ್ನು ಮುಚ್ಚುವುದು ಕಿರುಕುಳವೆಂದು ತೋರದು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ಸಾಲುರಜೆಯಲ್ಲಿ, ಕುಮಾರಪರ್ವತದ ಕಿರುದಾರಿಗೆ ಸಾವಿರಾರು ಜನ ಒಟ್ಟಿಗೇ ನುಗ್ಗಿದರು. ಸರ್ಕಾರವು ಮುಂಗಡ ನೋಂದಣಿಯಿಲ್ಲದ ದಾರಿಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ವರ್ಷದಲ್ಲಿ 'ಅರಣ್ಯ ವಿಹಾರ'ವೆಂಬ ನೋಂದಣಿಯ ಏರ್ಪಾಡನ್ನು ತಂದಿತು. ಪುಷ್ಪಗಿರಿಯ ವನ್ಯಧಾಮವು ಕಾಡುಪ್ರಾಣಿಗಳ ಮನೆ. ನಾವು ಅಲ್ಲಿಯ ಅತಿಥಿಗಳು. ಅಪ್ಪಣೆ ಪಡೆದು ಹೋಗುವುದು, ಹೋದ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಚೂರನ್ನೂ ಬಿಡದೆ ಬರುವುದು, ಕತ್ತಲಾಗುವುದಕ್ಕೆ ಮುಂಚೆ ಆನೆಯ ದಾರಿಯನ್ನು ಆನೆಗೆ ಬಿಡುವುದು, ಇವು ಈರ್ಯಾಸಮಿತಿಯ ಗೃಹಸ್ಥರೂಪಗಳು.

ಎಲ್ಲಕ್ಕಿಂತಲೂ ಕಠಿಣವಾದ ಪಾಠವು ಮರಳುವುದು. ಇಲ್ಲಿ ನಮ್ಮ ಪುರಾಣಸ್ಮೃತಿಯೇ ನಮಗೆ ತೊಡಕಾಗುವ ಸಂಭವವುಂಟು. ಪರ್ವತಾರೋಹಣವೆಂದೊಡನೆ ನೆನಪಾಗುವುದು ಪಾಂಡವರ ಮಹಾಪ್ರಸ್ಥಾನ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಮುಂದುವರಿಸಿ ಮುಗಿಸಿದ್ದರಿಂದ ಕನ್ನಡದ ಓದುಗರಿಗೆ ಆ ಕೊನೆಯ ಪಯಣವೂ ಪರಿಚಿತ. ದ್ರೌಪದಿ ಬೀಳುತ್ತಾಳೆ, ಸಹದೇವ ಬೀಳುತ್ತಾನೆ, ನಕುಲ, ಅರ್ಜುನ, ಭೀಮರು ಒಬ್ಬೊಬ್ಬರಾಗಿ ಬೀಳುತ್ತಾರೆ. ಧರ್ಮರಾಯನು ಹಿಂದಿರುಗಿ ನೋಡದೆ ನಡೆಯುತ್ತಾನೆ. ಈ ಚಿತ್ರವನ್ನು ಚಾರಣದ ಆದರ್ಶವೆಂದು ಭಾವಿಸುವುದು ಘೋರವಾದ ಅಪಾರ್ಥ. ಅವರು ಪರೀಕ್ಷಿತನಿಗೆ ಪಟ್ಟಗಟ್ಟಿ, ಲೋಕದ ಋಣಗಳನ್ನೆಲ್ಲ ತೀರಿಸಿ, ಮರಳಬಾರದೆಂದು ಸಂಕಲ್ಪಿಸಿ ಹೊರಟವರು. ಚಂದ್ರಗಿರಿಯ ಮೇಲೆ ಸಲ್ಲೇಖನವ್ರತದಿಂದ ದೇಹವನ್ನು ತೊರೆದ ಜೈನಸಾಧಕರೂ ಗುರುವಿನ ಅಪ್ಪಣೆ ಪಡೆದು, ಪೂರ್ಣವಾದ ಅರಿವಿನಲ್ಲಿ ಹಾಗೆ ಮಾಡಿದರು. ಶುಕ್ರವಾರ ಹೊರಟು ಸೋಮವಾರ ಬರುತ್ತೇನೆಂದು ಹಾಸನದಲ್ಲಿಯೋ ದಾವಣಗೆರೆಯಲ್ಲಿಯೋ ಇರುವ ತಾಯಿಗೆ ಫೋನು ಮಾಡಿ ಹೇಳಿದವನಿಗೆ ಮಹಾಪ್ರಸ್ಥಾನದ ಅಧಿಕಾರವಿಲ್ಲ; ಅವನ ಋಣಗಳಿನ್ನೂ ತೀರಿಲ್ಲ. ಆ ಪರ್ವದಲ್ಲಿ ಅವನಿಗೆ ಸಲ್ಲುವ ಪಾಠವು ಕಡೆಯ ಪ್ರಸಂಗದಲ್ಲಿದೆ: ಇಂದ್ರನ ರಥವು ಎದುರಿಗೆ ಬಂದು ನಿಂತಾಗ, ತನ್ನನ್ನು ನಂಬಿ ಹಿಂಬಾಲಿಸಿದ ನಾಯಿಯೊಂದನ್ನು ಬಿಟ್ಟು ತಾನು ಸ್ವರ್ಗವನ್ನೇರಲಾರೆನೆಂದು ಧರ್ಮರಾಯನು ನಿರಾಕರಿಸಿದನು. ಶಿಖರವು ಕಣ್ಣಳತೆಯಲ್ಲಿರುವಾಗ ನಡೆಯಲಾರದ ಜೊತೆಗಾರನೊಡನೆ ಹಿಂದಿರುಗುವವನು ಆ ನಿರಾಕರಣವನ್ನೇ ಆಚರಿಸುತ್ತಾನೆ.

ಕರ್ಮದಲ್ಲಿ ಅಧಿಕಾರ, ಫಲದಲ್ಲಿಲ್ಲ ಎಂಬ ತತ್ತ್ವವನ್ನು ಬಾಯಿಪಾಠ ಮಾಡಿದವರು ಲಕ್ಷೋಪಲಕ್ಷ. ಅದನ್ನು ಪರೀಕ್ಷೆಗೆ ಒಡ್ಡುವ ಸನ್ನಿವೇಶಗಳು ವಿರಳ. ತಿಂಗಳುಗಟ್ಟಲೆ ಸಿದ್ಧತೆ ನಡೆಸಿ, ಸಂಬಳದ ಹಣವನ್ನು ಕೂಡಿಟ್ಟು, ರಜೆ ಬೇಡಿ ಪಡೆದು, ಸಾವಿರಾರು ಮೈಲು ಪಯಣಿಸಿ ಬಂದವನಿಗೆ ಕೊನೆಯ ಮುನ್ನೂರು ಮೀಟರು ಉಳಿದಿರುವಾಗ ಮೋಡ ಕವಿಯುತ್ತದೆ. ಹೊರಡುವಾಗಲೇ ನಿಶ್ಚಯಿಸಿಕೊಂಡ ಮರಳುವ ಗಂಟೆ ಬಡಿದಿದೆ. ಮೇಲೇರಿದರೆ ಛಾಯಾಚಿತ್ರವುಂಟು, ಗೆಳೆಯರ ಹೊಗಳಿಕೆಯುಂಟು. ಇಳಿದರೆ ಏನೂ ಇಲ್ಲ. ಆ ಗಳಿಗೆಯಲ್ಲಿ ಯಾವನು ಕಹಿಯಿಲ್ಲದೆ ಬೆನ್ನು ತಿರುಗಿಸಬಲ್ಲನೋ ಅವನು ಫಲತ್ಯಾಗದ ಅರ್ಥವನ್ನು ಮೈಯಲ್ಲಿ ತಿಳಿದನು. ಅವನು ಮಾಡಿದ ಕರ್ಮದಲ್ಲಿ ಒಂದಂಶವೂ ವ್ಯರ್ಥವಾಗಿಲ್ಲ: ನಡೆದ ನಡಿಗೆ ನಡೆದದ್ದೇ, ಕಲಿತ ವಿದ್ಯೆ ಕಲಿತದ್ದೇ.

ಆದಕಾರಣ ಈ ಚಳಿಗಾಲದಲ್ಲಿ ಮೊದಲ ಸಲ ಬೆಟ್ಟ ಹತ್ತಬೇಕೆಂದಿರುವ ತರುಣ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟು. ಕ್ರಮವಾಗಿ ಕಲಿಯಿರಿ. ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಹೋದರೆ ಸಿಗುವ ಶಿವಗಂಗೆಯ ಮೆಟ್ಟಿಲುಗಳಲ್ಲಿ ಕಾಲಿನ ಕಸುವನ್ನೂ, ಸಾವನದುರ್ಗದ ಬಂಡೆಯ ಮೇಲೆ ಪಾದದ ಹಿಡಿತವನ್ನೂ ಪರೀಕ್ಷಿಸಿಕೊಂಡು, ಆಮೇಲೆ ಪಶ್ಚಿಮಘಟ್ಟಕ್ಕೆ ಹೋಗಿರಿ. ಹಿಮದ ಮಾತು ಅದಕ್ಕೂ ಆಚೆ. ನಮ್ಮ ರಾಜ್ಯದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ. ತೇನ್‌ಸಿಂಗ್ ನೋರ್ಗೆಯವರು ತರಬೇತಿಯ ಹೊಣೆ ಹೊತ್ತಿದ್ದ, 1954ರಲ್ಲಿ ಸ್ಥಾಪಿತವಾದ ಡಾರ್ಜಿಲಿಂಗಿನ ಸಂಸ್ಥೆಯಿದೆ. 1965ರಿಂದ ನಡೆಯುತ್ತಿರುವ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಿದೆ. ಬಲ್ಲವರಿಂದ ಕಲಿಯುವುದರಲ್ಲಿ ಅವಮಾನವಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಎಚ್ಚರವಿದ್ದ ದೇಹವನ್ನು ಬೆಳಗ್ಗೆಯೇ ಬೆಟ್ಟಕ್ಕೆ ಹಚ್ಚಬೇಡಿರಿ. ಹಗಲಿನ ನಡಿಗೆಯೆಂದು ಟಾರ್ಚನ್ನು ಬಿಡಬೇಡಿರಿ. ಕೊರಳಲ್ಲಿ ಒಂದು ಸೀಟಿಯಿರಲಿ, ನಿಮಿಷಕ್ಕೆ ಆರು ಸಲ ಊದಿದರೆ ಅದು ಆಪತ್ತಿನ ಕರೆಯೆಂದು ಲೋಕದ ಅನೇಕ ಪರ್ವತಗಳಲ್ಲಿ ತಿಳಿಯುತ್ತದೆ. ಯಾವ ದಾರಿಯಲ್ಲಿ ಹೋಗುವಿರಿ, ಯಾರ ಜೊತೆ ಹೋಗುವಿರಿ, ಎಷ್ಟು ಗಂಟೆಯವರೆಗೆ ಸುದ್ದಿಯಿಲ್ಲದಿದ್ದರೆ 112ಕ್ಕೆ ಕರೆಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಯಲ್ಲಿ ಕೊಟ್ಟು ಹೊರಡಿರಿ. ದೇವರನ್ನು ನಂಬುವವರಾದರೆ ಹೊಸ್ತಿಲಲ್ಲಿ ಕೈಮುಗಿಯಿರಿ. ನಂಬದವರಾದರೆ ಬೆಟ್ಟಕ್ಕೆ ಕೈಮುಗಿಯಿರಿ. ಮರಳಬೇಕೆಂದು ಹವೆ ಹೇಳಿದಾಗ ಮರಳಿರಿ. ಅದು ಸೋಲಲ್ಲ, ಧರ್ಮ.